ಪಿಳ್ಳಮ್ಮನ ಹುಳಿಪುಡಿ

“ಅಮ್ಮಾ, ಪುಡಿ ಮಾಡೋದು ಪಿಳ್ಳಮ್ಮಜ್ಜಿ ಅಲ್ವಾ? ಮತ್ತೆ ಇದರ ಮೇಲೆ ನಮ್ಮಜ್ಜಿ ಹೆಸರು ಯಾಕಿದೆ?”

ಒಂದನೇ ಕ್ಲಾಸಿನ ನನ್ನ ಮಗಳು ಪುಟ್ಟಿಗೆ ಈಗ ಓದುವ ಹುಚ್ಚು. ಚಾಮರಾಜಪೇಟೆಯಲ್ಲಿ ಸ್ಕೂಲಿಂದ ಮನೆಗೆ ಬರುವಷ್ಟರಲ್ಲಿ ಒಂದು ಬೋರ್ಡನ್ನೂ ಬಿಡುವುದಿಲ್ಲ. ಒತ್ತಕ್ಷರ ಬಂತೆಂದರೆ ನಡುರಸ್ತೆಯಲ್ಲೇ ನಿಂತು, ಬಾಯಿ ಸೊಟ್ಟ ಮಾಡಿಕೊಂಡು, ಅದನ್ನು ಜಯಿಸಿಯೇ ಮುಂದೆ ಹೆಜ್ಜೆ. ಆ ಶನಿವಾರ ಮಧ್ಯಾಹ್ನ ಅಡಿಗೆಮನೆಯ ಸ್ಟೂಲ್ ಹತ್ತಿ ಮೇಲಿನ ಗೂಡಿನಿಂದ ಒಂದು ಪ್ಯಾಕೆಟ್ ಎಳೆದುಕೊಂಡಿದ್ದಳು. ‘ಅ-ಲ-ಮೇ-ಲ-ಮ್ಮ-ನ-ವ-ರ ಹು-ಳಿ-ಪು-ಡಿ’ ಎಂದು ಓದಿ ಮುಗಿಸಿದ ಮೇಲೆ ಬಂದ ಪ್ರಶ್ನೆ ಅದು.

ಅಲಮೇಲಮ್ಮ ಅಂದರೆ ನಮ್ಮ ಅತ್ತೆ. ಅಲ್ಲೇ ಈಳಿಗೆಮಣೆಯ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು.

“ಅದು ಬರೀ ಹೆಸರು ಪುಟ್ಟಿ. ಅಂಗಡೀಲಿ ಗುರುತು ಸಿಗ್ಲಿ ಅಂತ,” ಅಂದೆ.

“ಮತ್ತೆ ನಾವ್ಯಾಕೆ ಇದನ್ನ ಹುಳಿಗೆ ಹಾಕಲ್ಲ? ಯಾಕೆ ಮೇಲಿಟ್ಟಿದೀವಿ?”

ಈಳಿಗೆಮಣೆಯ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಪುಟ್ಟಿ ಪ್ಯಾಕೆಟ್ಟನ್ನು ನನ್ನ ಕೈಗೆ ತುರುಕಿ ಕ್ಯಾಲೆಂಡರ್ ಓದಲು ಹೋದಳು.

ನಾನು ದಿನಚರಿ ಬರೆಯುವವಳು. ಮಗಳ ಹಲ್ಲು, ಜ್ವರ, ಹಾಲು ಒಡೆದದ್ದು, ಎಲ್ಲವೂ ಅದರಲ್ಲಿದೆ. ಪಿಳ್ಳಮ್ಮನೂ ಪುಟಪುಟವಾಗಿ ಇದ್ದಾರೆ. ಆ ಸಂಜೆ ಹಳೆಯ ಪುಸ್ತಕ ತೆಗೆದು, ಪುಡಿಗೆ ನಮ್ಮ ಅತ್ತೆಯ ಹೆಸರಿಟ್ಟ ದಿನ ಏನು ಬರೆದಿದ್ದೇನೆ ಅಂತ ಹುಡುಕಿದೆ. ‘ಬ್ರ್ಯಾಂಡ್ ಸಮಸ್ಯೆ ಬಗೆಹರೀತು. ಖುಷಿ.’ ಇಷ್ಟೇ. ನಾಲ್ಕು ಪದ. ಓದಿ ಮುಖ ಬಿಸಿಯಾಯಿತು. ಅಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಿಳ್ಳಮ್ಮನಿಗೆ ಐವತ್ತೈದೋ ಐವತ್ತಾರೋ. ಕನಕಪುರದ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದು ನಮ್ಮ ಬೀದಿಯ ಹಿಂದಿನ ವಠಾರ ಸೇರಿದವರು. ಗಂಡ ದೊಡ್ಡಬೈರಪ್ಪ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ಮೂಟೆ ಹೊರುತ್ತಿದ್ದರು. ಮಂಡಿಯವರು ಮೂಟೆಗಳನ್ನು ವಠಾರಕ್ಕೇ ಕಳಿಸುತ್ತಿದ್ದರಂತೆ. ಹೆಂಗಸರು ಕೂತು ತೊಟ್ಟು ಬಿಡಿಸಿಕೊಡಬೇಕು, ಕೇಜಿಗೆ ಇಷ್ಟು ಅಂತ ಕೂಲಿ. ಕೈಗೆ ಹರಳೆಣ್ಣೆ ಹಚ್ಚಿಕೊಂಡು ಕೂತರೂ ಸಂಜೆಗೆ ಬೆರಳು ಬೆಂಕಿ.

“ನಮ್ ಮನೋಹರ ಆಗ ಎಂಟು ತಿಂಗ್ಳ ಕೂಸು,” ಅಂತ ಒಮ್ಮೆ ಹೇಳಿದ್ದರು. “ಈ ಕೈಲಿ ಮುಟ್ಟುದ್ರೆ ಕಿರ್‍ರೋ ಅನ್ನೋನು. ಅದುಕ್ಕೆ ಮೊಣಕೈಲೇ ಎತ್ಕೊಳ್ಳೋಳು ನಾನು, ಸೌದೆ ಎತ್ಕಂಡಂಗೆ. ಒಂದ್ ವರ್ಸ ಮಗೀನ ಕೆನ್ನೆ ಮುಟ್ನಿಲ್ಲ ಕಣವ್ವ.”

ಅದನ್ನು ಕೇಳಿದ ದಿನ ಮನೆಗೆ ಬಂದು, ಮಲಗಿದ್ದ ಪುಟ್ಟಿಯ ಕೆನ್ನೆಯನ್ನು ಸುಮ್ಮನೆ ಎರಡು ಸಲ ಮುಟ್ಟಿದ್ದೆ. ಅದು ದಿನಚರಿಯಲ್ಲಿದೆ. ಇಂಥದ್ದನ್ನು ಬರೆಯುವುದು ಸುಲಭ.

ದೊಡ್ಡಬೈರಪ್ಪ ಸೊಂಟ ಮುರಿದುಕೊಂಡು ಮನೆಯಲ್ಲಿ ಕೂತ ವರ್ಷವೇ, ಬೀದಿಯ ಹೆಂಗಸರೆಲ್ಲ ಹಾಕಿದ್ದ ಚೀಟಿಯವನು ಓಡಿಹೋದ. ಎಲ್ಲರೂ ಅತ್ತರು. ಪಿಳ್ಳಮ್ಮ ಅತ್ತು ಮುಗಿಸಿ, ಹತ್ತು ಜನರನ್ನು ಸೇರಿಸಿ, ‘ಇನ್ಮೇಲೆ ನಮ್ದು ನಮ್ ಕೈಲೇ ಇರ್ಲಿ’ ಎಂದು ಸಂಘ ಕಟ್ಟಿದರು. ಅಣ್ಣಮ್ಮದೇವಿ ಮಹಿಳಾ ಸ್ವಸಹಾಯ ಸಂಘ. ದೇವಸ್ಥಾನದ ಪಕ್ಕದ ಹಾಲ್‌ನಲ್ಲಿ ಪ್ರತಿ ಮಂಗಳವಾರ ಮಧ್ಯಾಹ್ನ ಸೇರುತ್ತಾರೆ. ಉಳಿತಾಯ ಕಟ್ಟುತ್ತಾರೆ, ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಅದರಲ್ಲೇ ಸಾಲ ಕೊಡುತ್ತಾರೆ, ಚೆನ್ನಾಗಿ ಜಗಳವನ್ನೂ ಆಡುತ್ತಾರೆ. ಈಗ ಹದಿನಾಲ್ಕು ಜನ.

ನಾನು ಅಲ್ಲಿಗೆ ಹೋದದ್ದು ಟೀಚರಾಗಿ. ಪುಟ್ಟಿ ಹುಟ್ಟಿದ ಮೇಲೆ ಕೆಲಸ ಬಿಟ್ಟಿದ್ದೆ. ಅವಳನ್ನು ನರ್ಸರಿಗೆ ಹಾಕಿದ ವರ್ಷ ಒಂದು ಸಂಸ್ಥೆಯವರು, ‘ಬಿ.ಕಾಂ. ಮಾಡಿದೀರ, ಸಂಘಗಳಿಗೆ ವ್ಯಾಪಾರ ತರಬೇತಿ ಕೊಡ್ತೀರಾ?’ ಅಂದರು. ಎಂಟು ವಾರ ಚಾರ್ಟು ನೇತುಹಾಕಿ ಪಾಠ ಮಾಡಿದೆ. ನಿಮ್ಮ ಕೂಲಿಯನ್ನೂ ಖರ್ಚಿಗೆ ಸೇರಿಸಿಕೊಳ್ಳಿ ಅಂದ ದಿನ ಇಡೀ ಹಾಲ್ ನಗೆಯಲ್ಲಿ ಮುಳುಗಿತು.

“ನಂಗೆ ನಾನೇ ಕೂಲಿ ಕೊಡಾದಾ? ಸಾಯಂಕಾಲ ನಂಗೆ ನಾನೇ ಬೈಕೊಳ್ಳಾದೂ ಸೇರ್ಸಾನಾ ಮೇಡಂ?” ಅಂದದ್ದು ಸುಬ್ಬಮ್ಮ. ಸಂಘದ ನಾಲಿಗೆ ಅಂದರೆ ಸುಬ್ಬಮ್ಮ.

ಪಿಳ್ಳಮ್ಮ ಮಾತ್ರ ನಗಲಿಲ್ಲ. “ಅವ್ರೇಳೋದು ಸರಿ ಕಣೇ. ಮೂವತ್ತು ವರ್ಸ ತೊಟ್ಟು ಬಿಡ್ಸಿದೀನಿ. ಬೆರಳು ಉರಿದಿದ್ದುಕ್ಕೆ ಯಾವ್ ಮಂಡಿಯೋನು ಲೆಕ್ಕ ಇಟ್ಟ?” ಅಂದರು. ಎಲ್ಲಕ್ಕೂ ಬೆಲೆ ಕಟ್ಟಬೇಕು ಅಂತ ಹೇಳಿಕೊಟ್ಟವಳು ನಾನು. ಹೇಳಿಕೊಟ್ಟದ್ದನ್ನು ಪೂರ್ತಿ ನಂಬಿದವರು ಅವರು.

ಅವರ ಕೈಯಲ್ಲಿ ಮೆಣಸಿನಕಾಯಿ ಮಾತಾಡುತ್ತದೆ. ಒಂದನ್ನು ಮುರಿದು ಮೂಸಿ, ಇದು ಬಣ್ಣಕ್ಕೆ, ಇದು ಖಾರಕ್ಕೆ, ಇದು ಎರಡಕ್ಕೂ ಇಲ್ಲ ಅನ್ನುತ್ತಾರೆ. ಹುಳಿಪುಡಿಯನ್ನೇ ಮಾಡಿ ಮಾರೋಣ ಅಂತ ಹೊರಟಾಗ, ನಾನು ಹೇಳುವ ಮುಂಚೆಯೇ ಅದಕ್ಕೆಂದು ಬೇರೆ ಬಾಣಲೆ ತಂದರು. ಅದರಲ್ಲಿ ಬೆಳ್ಳುಳ್ಳಿ ಬೀಳಕೂಡದು. ಹುರಿಯುವ ದಿನ ಮನೆಯಲ್ಲಿ ಮಾಂಸ ಮಾಡುವುದಿಲ್ಲ, ತಲೆಗೆ ನೀರು ಹಾಕಿಕೊಳ್ಳದೆ ಒಲೆ ಹತ್ತಿಸುವುದಿಲ್ಲ. “ತಿನ್ನೋರ ಮನಸ್ಸು ಕೆಡಬಾರ್ದು ನೋಡಿ,” ಅಂದರು. ನಾನು ಅದನ್ನೂ ಗಿರಾಕಿಗಳಿಗೆ ಹೇಳಿಕೊಂಡು ತಿರುಗಿದೆ.

ಮೊದಲ ಲೇಬಲ್ಲಿನಲ್ಲಿ ಇದ್ದದ್ದು ‘ಪಿಳ್ಳಮ್ಮನ ಹುಳಿಪುಡಿ’ ಅಂತಲೇ. ನಮ್ಮ ಸ್ಕೂಟರಿನಲ್ಲಿ ಇಬ್ಬರೂ ಹೋದೆವು, ಗಾಂಧಿಬಜಾರಿನ ಒಂದು ತಿಂಡಿ ಅಂಗಡಿಗೆ. ಒಳಗೆ ಬನ್ನಿ ಅಂದರೆ ಪಿಳ್ಳಮ್ಮ ಬರಲಿಲ್ಲ. “ನೀವೇ ಮಾತಾಡಿ. ನಾನ್ ಚೀಲ ನೋಡ್ಕೋತೀನಿ,” ಎಂದು ಫುಟ್‌ಪಾತಿನಲ್ಲಿ ನಿಂತರು.

ಅಂಗಡಿಯವರು ಪ್ಯಾಕೆಟ್ ಮೂಸಿ ಕಣ್ಣರಳಿಸಿದರು. “ಫಸ್ಟ್ ಕ್ಲಾಸ್ ಮೇಡಂ. ಆದ್ರೆ ಈ ಹೆಸರು... ಇಲ್ಲಿ ಬರೋರೆಲ್ಲ ನಿಮ್ಮಂಥೋರೇ ನೋಡಿ. ಯಾರ ಮನೆ ಪುಡಿ ಅಂತ ಮೊದಲು ಕೇಳ್ತಾರೆ. ಪಿಳ್ಳಮ್ಮ ಅಂತ ಕಂಡ ತಕ್ಷಣ ಕೈ ಹಿಂದಕ್ಕೆ ಹೋಗತ್ತೆ. ತಪ್ಪು ತಿಳ್ಕೋಬೇಡಿ.”

ನಾನು ತಪ್ಪು ತಿಳಿಯಲಿಲ್ಲ. ಅದೇ ತಪ್ಪು. ನನಗೆ ಕೋಪ ಬರಲಿಲ್ಲ, ಲೆಕ್ಕ ಹೊಳೆಯಿತು. “ನಮ್ಮತ್ತೆ ಹೆಸರು ಅಲಮೇಲಮ್ಮ. ಅದನ್ನ ಹಾಕಿದ್ರೆ?” ಅಂದೆ. ಅವರು, “ಅದು ಮಾತು!” ಎಂದು ಅಲ್ಲೇ ಐವತ್ತು ಪ್ಯಾಕೆಟ್ಟಿಗೆ ಆರ್ಡರ್ ಬರೆದುಕೊಂಡರು.

ಹೊರಗೆ ಬಂದು, ಯಾರ ಹೆಸರನ್ನು ತೆಗೆದುಹಾಕಿದೆನೋ ಅವರಿಗೆ ಆಮೇಲೆ ಹೇಳಿದೆ. “ಪಿಳ್ಳಮ್ಮ, ಹೆಸರು ಸ್ವಲ್ಪ ಬದಲಾಯಿಸೋಣ. ಇಲ್ಲಿಯ ಮಾರ್ಕೆಟ್ಟಿಗೆ ಅದು ಸರಿಹೋಗಲ್ವಂತೆ.”

ಅವರು ಚೀಲವನ್ನು ಸೊಂಟಕ್ಕೆ ಏರಿಸಿಕೊಂಡು ಒಂದು ಕ್ಷಣ ನನ್ನ ಮುಖ ನೋಡಿದರು. “ಯಾಕವ್ವ, ನನ್ನೆಸ್ರು ಅಷ್ಟು ಖಾರಾನಾ?” ಅಂದು ನಕ್ಕರು.

ನಾನೂ ನಕ್ಕೆ.

ಅತ್ತೆಯನ್ನು ಕೇಳಿದಾಗ, “ಅಯ್ಯೋ, ಹೆಸರು ತಾನೆ ಕಣೆ? ಹಾಕ್ಕೊಳ್ಳಲಿ ಪಾಪ. ಒಂದು ಸಂಸಾರಕ್ಕೆ ದಾರಿಯಾಗತ್ತೆ ಅಂದ್ರೆ,” ಅಂದರು. ಮೊದಲ ಪ್ಯಾಕೆಟ್ಟನ್ನು ಪಿಳ್ಳಮ್ಮ ಎಲೆ ಅಡಿಕೆಯ ಜೊತೆ ತಂದು ಅತ್ತೆಯ ಕೈಗೆ ಕೊಟ್ಟರು. ಅತ್ತೆ ಕುಂಕುಮ ಕೊಟ್ಟು, ರವಿಕೆ ಕಣ ಇಟ್ಟು ಕಳಿಸಿದರು. ಆ ಪ್ಯಾಕೆಟ್ ಮೇಲಿನ ಗೂಡಿಗೆ ಹೋಯಿತು. “ನಮ್ಮ ಪುಡಿ ಇನ್ನೂ ಇದ್ಯಲ್ಲ, ಮುಗೀಲಿ,” ಅಂದರು. ನಮ್ಮ ಮನೆಯ ಪುಡಿ ಮುಗಿಯುವುದಿಲ್ಲ. ಮುಗಿಯುವ ಮುಂಚೆ ಅತ್ತೆ ಹೊಸದು ಮಾಡಿರುತ್ತಾರೆ. ಇದನ್ನು ಅವರ ಮೇಲೆ ಹೊರಿಸಿ ನಾನು ತಪ್ಪಿಸಿಕೊಳ್ಳಲಾರೆ. ದಿನಾ ಹುಳಿ ಕುದಿಸುವವಳು ನಾನು. ಸ್ಟೂಲ್ ಹತ್ತಿದರೆ ನನ್ನ ಕೈಗೂ ಅದು ಎಟುಕುತ್ತಿತ್ತು.

ಪ್ರತಿ ಶುಕ್ರವಾರ ಪಿಳ್ಳಮ್ಮ, ನಾನು ಅಂಗಡಿಗಳಿಗೆ ಮುಟ್ಟಿಸಬೇಕಾದ ಪ್ಯಾಕೆಟ್ಟುಗಳ ಚೀಲ ಇಟ್ಟುಹೋಗಲು ನಮ್ಮ ಮನೆಗೆ ಬರುತ್ತಾರೆ. ಮೊದಮೊದಲು, “ಹುಳಿ ಎಂಗಿತ್ತವ್ವ? ಧನ್ಯ ಜಾಸ್ತಿ ಆಯ್ತಾ?” ಅಂತ ಕೇಳುತ್ತಿದ್ದರು. “ಚೆನ್ನಾಗಿತ್ತು ಪಿಳ್ಳಮ್ಮ,” ಅನ್ನುತ್ತಿದ್ದೆ. ಕೆಲವು ತಿಂಗಳ ಮೇಲೆ ಅವರು ಕೇಳುವುದನ್ನು ಬಿಟ್ಟರು. ನಂಬಿಕೆ ಬಂತು ಅಂದುಕೊಂಡೆ.

ವ್ಯಾಪಾರ ಚೆನ್ನಾಗಿಯೇ ಆಯಿತು, ಸುಳ್ಳು ಹೇಳಬಾರದು. ಮೂರು ಅಂಗಡಿ, ಹಬ್ಬಗಳಲ್ಲಿ ದುಪ್ಪಟ್ಟು. ತೊಟ್ಟು ಬಿಡಿಸುವುದು ನಿಂತಿತು. ತೊಂದರೆ ಒಂದೇ, ಗಿರಣಿ. ಹುರಿದದ್ದನ್ನು ತಲೆಯ ಮೇಲೆ ಹೊತ್ತು ಹೋಗಿ, ರಾಗಿಯವರ, ಗೋಧಿಯವರ ಹಿಂದೆ ಸಾಲಿನಲ್ಲಿ ನಿಲ್ಲಬೇಕು. ಯಾರದೋ ಬೆಳ್ಳುಳ್ಳಿ ಖಾರ ಬೀಸಿದ ಮೇಲೆ ಪಿಳ್ಳಮ್ಮ ತನ್ನದನ್ನು ಹಾಕುವುದಿಲ್ಲ, ಮಿಷನ್ ತೊಳೆಯುವವರೆಗೆ ಕಾಯುತ್ತಾರೆ. ಈಗ ಆ ಗಿರಣಿಯ ಕಟ್ಟಡವನ್ನೇ ಒಡೆಯುತ್ತಾರಂತೆ. ಅದಕ್ಕೇ ಸಂಘದವರೆಲ್ಲ ಒಪ್ಪಿ, ಪುಡಿ ಮಾಡುವ ಒಂದು ಸ್ವಂತ ಮಿಷನ್ನಿಗೆ ಬ್ಯಾಂಕ್ ಸಾಲಕ್ಕೆ ಪಿಳ್ಳಮ್ಮನ ಹೆಸರು ಕೊಟ್ಟರು. ಮಿಷನ್ ಬಂದರೆ ಇನ್ನೂ ನಾಲ್ವರಿಗೆ ಕೆಲಸ. ಪಿಯುಸಿ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕೂತಿರುವ ಸುಬ್ಬಮ್ಮನ ಮಗಳು ಯಶಶ್ರೀಗೆ ಪ್ಯಾಕಿಂಗು, ಆರ್ಡರು ಎಲ್ಲ ವಹಿಸುವುದು ಅಂತಲೂ ಮಾತಾಗಿತ್ತು.

ಬ್ಯಾಂಕಿನವರು ನೋಡಲು ಬಂದದ್ದು ಮಂಗಳವಾರ. ಪುಟ್ಟಿ ಆ ಪ್ರಶ್ನೆ ಕೇಳಿ ಮೂರೇ ದಿನವಾಗಿತ್ತು. ಮೂರು ದಿನ ನನಗೆ ಸಿಕ್ಕಿತ್ತು, ಅಂತಲೂ ಬರೆಯಬೇಕು.

ಪಿಳ್ಳಮ್ಮ ಹಸಿರು ರೇಷ್ಮೆ ಉಟ್ಟುಕೊಂಡಿದ್ದರು. ಚಾಪೆಯ ಮೇಲೆ ಪ್ಯಾಕೆಟ್ಟುಗಳನ್ನು ಸಾಲಾಗಿ ಜೋಡಿಸಿದ್ದರು. ಬಂದವರು ಚಿಕ್ಕ ವಯಸ್ಸಿನವರು, ಮರ್ಯಾದಸ್ಥರು. ಒಂದು ಪ್ಯಾಕೆಟ್ ಎತ್ತಿಕೊಂಡು ಓದಿದರು.

“ಅಲಮೇಲಮ್ಮ ಅಂದ್ರೆ ನೀವೇನಾಮ್ಮ?”

“ಅಲ್ಲ ಸಾ. ನಾನು ಪಿಳ್ಳಮ್ಮ.”

“ಅಂಗಡಿ ಬಿಲ್ಲೆಲ್ಲ ಇದೇ ಹೆಸರಲ್ಲಿದೆ. ಹಾಗಾದ್ರೆ ನೀವು ಅವರ ಹತ್ರ ಕೆಲಸ ಮಾಡ್ತೀರಾ?”

“ಇಲ್ಲ ಸಾ, ನಂದೇಯ.”

ಅವರು ನನ್ನ ಕಡೆ ತಿರುಗಿದರು. “ಮೇಡಂ, ನೀವು ಟ್ರೈನರ್ ಅಲ್ವಾ? ಯಾಕೆ ಈ ಹೆಸರು?”

“ಅದು... ಮಾರ್ಕೆಟಿಂಗ್ ದೃಷ್ಟಿಯಿಂದ,” ಅಂದೆ.

“ಅಂದ್ರೆ?”

ಅಂದರೆ ಏನು ಅಂತ ನನಗೆ ಗೊತ್ತಿತ್ತು. ಹದಿಮೂರು ಜನ ಹೆಂಗಸರು ಗೋಣು ತಿರುಗಿಸಿ ನನ್ನನ್ನೇ ನೋಡುತ್ತಿದ್ದರು. ಬಾಯಿ ತೆರೆದೆ. ಒಂದು ಅಕ್ಷರ ಹೊರಡಲಿಲ್ಲ.

ಹದಿನಾಲ್ಕನೆಯವರು ಮಾತಾಡಿದರು. “ಅದು ಇವ್ರ ಅತ್ತೆ ಎಸ್ರು ಸಾ. ದೊಡ್ಡೋರು. ಪಿರೀತಿಗೆ ನಾನೇ ಇಕ್ಕೊಂಡೆ. ಇವ್ರು ಬ್ಯಾಡ ಅಂದ್ರು, ನಾನೇ ಕೇಳ್ನಿಲ್ಲ.”

ಬ್ಯಾಂಕಿನವರು ಫೈಲ್ ಮುಚ್ಚಿದರು. “ಪ್ರೀತಿ ಸರಿ ಅಮ್ಮ. ಆದ್ರೆ ವ್ಯಾಪಾರ ನಿಮ್ಮದು ಅಂತ ತೋರಿಸೋಕೆ ನನ್ನ ಹತ್ರ ಕಾಗದ ಇಲ್ಲ. ನಿಮ್ಮ ಹೆಸರಲ್ಲೇ ಆರು ತಿಂಗಳು ಮಾರಿ, ಬಿಲ್ ತೊಗೊಂಡು ಬನ್ನಿ. ಆಗ ನೋಡೋಣ.”

ಅವರು ಹೋದ ಮೇಲೆ ಸುಬ್ಬಮ್ಮ ಸೆರಗು ಕೊಡವಿ ಎದ್ದರು. “ಬೆವ್ರು ಒಬ್ರುದು, ಎಸ್ರು ಒಬ್ರುದು. ಚೆನ್ನಾಗೈತೆ ಮೇಡಂ ಟ್ರೈನಿಂಗು.”

“ಸುಮ್ಕಿರೇ ಸುಬ್ಬಿ,” ಅಂದರು ಪಿಳ್ಳಮ್ಮ, ಪ್ಯಾಕೆಟ್ಟುಗಳನ್ನು ಚೀಲಕ್ಕೆ ತುಂಬುತ್ತಾ.

ಆಗಲಾದರೂ ಹೇಳಬಹುದಿತ್ತು. ‘ಪಿಳ್ಳಮ್ಮ ನನ್ನ ಮಾನ ಉಳಿಸೋಕೆ ಸುಳ್ಳು ಹೇಳಿದ್ರು, ಹೆಸರು ತೆಗೆಸಿದವಳು ನಾನು’ ಅಂತ. ರಸ್ತೆಯವರೆಗೆ ಓಡಿ ಆ ಬ್ಯಾಂಕಿನವರಿಗೂ ಹೇಳಬಹುದಿತ್ತು. ನಾನು ಬ್ಯಾಂಕಿನವರಿಗೆ ತೋರಿಸಲು ತಂದಿದ್ದ ಚಾರ್ಟು ಸುತ್ತಿಕೊಂಡು, “ಪುಟ್ಟಿ ಸ್ಕೂಲ್ ಬಿಡೋ ಹೊತ್ತಾಯ್ತು,” ಅಂದು ಹೊರಟೆ. ಸ್ಕೂಲ್ ಬಿಡಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಗೇಟಿನ ಎದುರಿನ ಕಟ್ಟೆಯ ಮೇಲೆ ಅಷ್ಟು ಹೊತ್ತೂ ಕೂತಿದ್ದೆ.

ಬುಧವಾರ ಹೋಗಲಿಲ್ಲ. ಗುರುವಾರ ಬೆಳಿಗ್ಗೆ ವಠಾರಕ್ಕೆ ಹೋದೆ. ಪಿಳ್ಳಮ್ಮ ಒಲೆಯ ಮುಂದೆ ಇದ್ದರು, ಬಾಣಲೆಯಲ್ಲಿ ಕೊತ್ತಂಬರಿ ಬೀಜ. ಯಶಶ್ರೀ ಹೊಸಿಲ ಮೇಲೆ ಕೂತು ಮೊಬೈಲಿನಲ್ಲಿ ಏನೋ ಮಾಡುತ್ತಿದ್ದಳು.

“ಪಿಳ್ಳಮ್ಮ, ನನ್ನಿಂದ ದೊಡ್ಡ ತಪ್ಪಾಯ್ತು...”

“ತಡೀರಿ, ತಡೀರಿ. ಧನ್ಯ ಕರಕಾದ್ರೆ ಆ ತಪ್ಪು ನಂದಾಗ್ತದೆ,” ಅಂದರು, ಸೌಟು ಬಿಡದೆ. ಬೀಜ ಕೆಂಪಾಗಿ ಘಮ ಎದ್ದ ಮೇಲೆ ಇಳಿಸಿ, ಮೊರಕ್ಕೆ ಸುರಿದು, ಆಮೇಲೆ ನನ್ನ ಎದುರು ಕೂತರು. “ಈಗ ಏಳಿ.”

ಹೇಳಿದೆ. ಚೆನ್ನಾಗಿ ಹೇಳಲಾಗಲಿಲ್ಲ. ಅಂಗಡಿಯವರು ಅಂದದ್ದು, ಅದು ನನಗೆ ತಪ್ಪು ಅಂತ ಕಾಣದೆ ಹೋದದ್ದು, ಮಂಗಳವಾರ ಬಾಯಿ ಕಟ್ಟಿದ್ದು. “ಬ್ಯಾಂಕಿಗೆ ನಾನು ಕಾಗದ ಬರೆದುಕೊಡ್ತೀನಿ. ನಡೆದದ್ದನ್ನೆಲ್ಲ ಬರೀತೀನಿ.”

“ಬರೀರಿ. ಆದ್ರೂ ಆರ್ ತಿಂಗ್ಳು ಆರ್ ತಿಂಗ್ಳೇಯ. ಅವ್ರಿಗೆ ಬಿಲ್ಲು ಬೇಕು, ಕತೆ ಅಲ್ಲ.”

“ನೀವ್ಯಾಕೆ ಹಾಗೆ ಹೇಳಿದ್ರಿ, ನಾನು ಬೇಡ ಅಂದೆ ಅಂತ?”

ಅವರು ನಕ್ಕರು. “ಇನ್ನೇನ್ ಮಾಡಾನ? ಚಡ್ಡಿ ಒದ್ದೆ ಮಾಡ್ಕೊಂಡ್ ಮಗೀನಂಗೆ ನಿಂತಿದ್ರಿ. ನೋಡಕ್ಕಾಗ್ನಿಲ್ಲ.” ಆಮೇಲೆ ನಗು ನಿಂತಿತು. “ನಂದೂ ತಪ್ಪೈತೆ. ಅವತ್ತು ಅಂಗ್ಡಿ ಒಳಿಕ್ಕೆ ನಾನೂ ಬಂದಿದ್ರೆ, ಅವ್ನು ನನ್ ಮಕಾ ನೋಡ್ಕೊಂಡು ಅಂಗನ್ನಕ್ಕೆ ಆಗ್ತಿತ್ತಾ? ನೀವು ತಾನೆ ಊಂ ಅನ್ನಕ್ಕೆ ಆಗ್ತಿತ್ತಾ? ಚೀಲ ನೋಡ್ಕೊಂಡು ನಿಂತೆ. ಚೀಲ ಯಾರ್ ಕದೀತಿದ್ರು?”

ನಾನು ಮೊರದ ಬೀಜವನ್ನು ಬೆರಳಲ್ಲಿ ಹರಡತೊಡಗಿದೆ.

“ನಿನ್ನೆ ಆ ಅಂಗ್ಡಿ ಒಳಿಕ್ಕೇ ಓದೆ,” ಅಂದರು. “ನಾನೇ ಪಿಳ್ಳಮ್ಮ, ನಾನೇ ಮಾಡೋದು, ಇನ್ಮೇಲೆ ನನ್ನೆಸ್ರೇ ಇರ್ತದೆ ಅಂದೆ. ಯಜಮಾನ್ರು ತಲೆ ಕೆರ್ಕೊಂಡ್ರು. ಅತ್ತು ಪ್ಯಾಕೆಟ್ ಇಡ್ತೀನಿ, ಒಂದ್ ತಿಂಗ್ಳಲ್ಲಿ ಓಗ್ನಿಲ್ಲ ಅಂದ್ರೆ ವಾಪಸ್ಸು ಅಂದ್ರು. ಐವತ್ತಿದ್ದಿದ್ದು ಅತ್ತಾಯ್ತು. ಆಗ್ಲಿ.”

ಯಶಶ್ರೀ ಮೊಬೈಲ್ ತಿರುಗಿಸಿ ತೋರಿಸಿದಳು. ಕೆಂಪು ಮೆಣಸಿನಕಾಯಿಯ ಚಿತ್ರ, ಅದರ ಪಕ್ಕ ‘ಪಿಳ್ಳಮ್ಮನ ಹುಳಿಪುಡಿ’. “ಅಕ್ಷರ ತುಂಬ ದೊಡ್ಡದಾಯ್ತಾ ಆಂಟಿ? ನಮ್ಮಮ್ಮ ಇನ್ನೂ ದಪ್ಪ ಮಾಡು ಅಂತಾಳೆ, ಲಾರಿ ಮೇಲೆ ಬರೆಯೋ ಹಂಗೆ.”

“ಸರಿಯಾಗಿದೆ,” ಅಂದೆ. ನನ್ನ ಅಭಿಪ್ರಾಯವನ್ನು ಅವರಿನ್ನೂ ಕೇಳುತ್ತಿದ್ದಾರಲ್ಲ ಅನ್ನುವುದೇ ಚುಚ್ಚಿತು.

ಪಿಳ್ಳಮ್ಮ ಎದ್ದು ಗೂಡಿನಿಂದ ಒಂದು ಸಣ್ಣ ಸ್ಟೀಲ್ ಡಬ್ಬಿ ತಂದರು. ಮುಚ್ಚಳ ತೆಗೆದು ಮೂಸಿ, ಮುಚ್ಚಿ, ನನ್ನ ಮಡಿಲಲ್ಲಿ ಇಟ್ಟರು. ಅದಕ್ಕೆ ಲೇಬಲ್ ಇರಲಿಲ್ಲ.

“ಎಲ್ಡು ವರ್ಸದಿಂದ ಶುಕ್ರವಾರ ಶುಕ್ರವಾರ ನಿಮ್ಮನೆಗೆ ಬತ್ತೀನಿ,” ಅಂದರು. “ಅದೂ ನೀವ್ ಹುಳಿ ಕುದ್ಸೋ ಹೊತ್ಗೆ. ನನ್ ಪುಡಿ ಘಮ ನಂಗೆ ಗೊತ್ತಾಗಲ್ವಾ ಸುಪ್ರಜಮ್ಮ? ಒಂದಿನಾನೂ ನಿಮ್ಮಡಿಗೆಮನೆಯಿಂದ ಅದು ಬರ್ನಿಲ್ಲ.”

ಬೀದಿಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋದ. ನಾನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ.

“ಬೇಜಾರಿಗೆ ಏಳ್ತಿಲ್ಲ. ನಂಗೆ ಗೊತ್ತಾಗ್ಬೇಕು. ಆ ಅತ್ತು ಪ್ಯಾಕೆಟ್ ತಕ್ಕೊಳ್ಳಾದು ನಿಮ್ಮನೆಯಂಥ ಮನೆಯೋರೇ ತಾನೆ? ಎಸ್ರು ನೋಡಿ ಬ್ಯಾಡ ಅಂತಾರೋ, ರುಚಿ ನೋಡಿ ಬ್ಯಾಡ ಅಂತಾರೋ? ರುಚಿ ಆದ್ರೆ ನಾನು ಸರಿ ಮಾಡ್ಕೋತೀನಿ. ಅದುಕ್ಕೆ ನಿಮ್ಮಿಂದ ಒಂದು ಉಪ್ಕಾರ ಆಗ್ಬೇಕು.”

“ಹೇಳಿ ಪಿಳ್ಳಮ್ಮ.”

“ನಾಳೆ ಇದ್ರಲ್ಲಿ ಹುಳಿ ಮಾಡಿ. ಕದ್ದು ಬ್ಯಾಡ. ಅತ್ತೇರು ತಟ್ಟೆ ಮುಂದೆ ಕೂತ್ಮೇಲೆ, ಬಡಿಸೋಕ್ ಮುಂಚೆ, ಇದು ಪಿಳ್ಳಮ್ಮನ ಪುಡಿ ಅಂತ ಏಳಿ. ಆಮೇಲೆ ಅವ್ರೇನಂದ್ರು ಅಂತ ಬಂದು ನಂಗೆ ಏಳಿ. ತಿನ್ನದೆ ಎದ್ರೆ ಅದ್ನೂ ಏಳಿ. ಈ ಸಲ ಮಾತ್ರ ‘ಚೆನ್ನಾಗಿತ್ತು’ ಅನ್ಬ್ಯಾಡಿ.”